ನಿಷೇಧ ಬೇಡ, ಪೋಷಕರಿಗೆ ಒಂದು ಗಂಟೆ ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ಹದಿಹರೆಯದವರ ಗೇಮಿಂಗ್ ಚಟದ ಮಾತೆತ್ತಿದರೆ ಸಾಕು, 'ನಿಷೇಧಿಸಿ' ಎಂಬ ಕೂಗು ಏಳುತ್ತದೆ. ದಕ್ಷಿಣ ಕೊರಿಯಾ ಅದನ್ನು ಮಾಡಿ ನೋಡಿದೆ. ಮಧ್ಯರಾತ್ರಿಯಿಂದ ಬೆಳಗಿನ 6ರವರೆಗೆ 16 ವರ್ಷದೊಳಗಿನವರು ಆನ್‌ಲೈನ್ ಆಟ ಆಡುವಂತಿಲ್ಲ ಎಂಬ ಕಾನೂನು ಅಲ್ಲಿ 2011ರಲ್ಲಿ ಬಂತು. ಮಕ್ಕಳು ಅಪ್ಪ-ಅಮ್ಮನ ಗುರುತಿನ ಸಂಖ್ಯೆ ಹಾಕಿ ಒಳಹೊಕ್ಕರು. ಮೊಬೈಲ್ ಆಟಗಳು ಕಾನೂನಿನ ಹಿಡಿತಕ್ಕೇ ಸಿಗಲಿಲ್ಲ. 2021ರಲ್ಲಿ ಸರ್ಕಾರವೇ ಅದನ್ನು ಕೈಬಿಡುವುದಾಗಿ ಹೇಳಿತು.

ನಮ್ಮ ಬೇಡಿಕೆ ಚಿಕ್ಕದು: ಪ್ರತಿ ಶಾಲೆಯ ಪೋಷಕರ ಸಭೆಯಲ್ಲಿ ಮಕ್ಕಳ ಗೇಮಿಂಗ್ ವಿಷಯಕ್ಕೇ ಮೀಸಲಾದ ಒಂದು ಗಂಟೆ. ಉಪದೇಶಕ್ಕಾಗಿ ಖಂಡಿತ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗುತ್ತದೆ.

ಜಗಳ ಹೇಗೆ ಹೊತ್ತಿಕೊಳ್ಳುತ್ತದೆ ನೋಡಿ. ಊಟಕ್ಕೆ ಎರಡು ಸಲ ಕರೆದವರು ಮೂರನೇ ಸಲಕ್ಕೆ ವೈಫೈ ಆರಿಸುತ್ತಾರೆ. ಐವರ ತಂಡದ ಆನ್‌ಲೈನ್ ಪಂದ್ಯವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ. ಒಬ್ಬ ಎದ್ದರೆ ಉಳಿದ ನಾಲ್ವರಿಗೆ ಪೆಟ್ಟು, ಅವನ ರ‍್ಯಾಂಕ್ ಇಳಿತ. ಪದೇಪದೇ ಆದರೆ ಖಾತೆಗೇ ತಾತ್ಕಾಲಿಕ ತಡೆ. ಹುಡುಗ ಕಿರುಚುತ್ತಾನೆ, ಮನೆಯವರು 'ನೋಡಿ, ಚಟ' ಎನ್ನುತ್ತಾರೆ. ಗಡಿಯಾರ ಬಿಟ್ಟು ಪಂದ್ಯದ ಲೆಕ್ಕಕ್ಕೆ ಬಂದರೆ ಅರ್ಧ ಗದ್ದಲ ತಗ್ಗುತ್ತದೆ: ಪಂದ್ಯ ಅರ್ಧ ಗಂಟೆಯದಾದರೆ ಊಟಕ್ಕೆ 40 ನಿಮಿಷ ಮೊದಲೇ 'ಇದೇ ಕೊನೆಯದು' ಎಂಬ ಒಪ್ಪಂದ.

ಸಮಯ ಕಡಿತಗೊಳಿಸುವ ಮಾತಿಗೂ ಒಂದು ಹೊತ್ತಿದೆ. ಹಲವು ಆಟಗಳು ಸೀಸನ್‌ಗಳಲ್ಲಿ, ಅಂದರೆ ಕೆಲವು ವಾರ ಅಥವಾ ತಿಂಗಳುಗಳ ಸುತ್ತುಗಳಲ್ಲಿ ಓಡುತ್ತವೆ. ದಿನವೂ ಹಾಜರಾದರೆ ಬಹುಮಾನ, ತಪ್ಪಿದರೆ ನಷ್ಟ. ಸೀಸನ್ ನಡುವೆ ಮಾತೆತ್ತಿದರೆ ಮಗು ಗಳಿಸಿದ್ದೆಲ್ಲ ಕಳೆದುಕೊಳ್ಳುತ್ತೇನೆಂದು ಹೆದರುತ್ತದೆ. ಸೀಸನ್ ಮುಗಿದ ವಾರ, ಮುಂದಿನ ಸೀಸನ್‌ನ ಬಹುಮಾನಗಳಿಗಾಗಿ ಹಣ ಕೊಟ್ಟು ಹೊಸ ಪಾಸ್ ಕೊಳ್ಳುವ ಮುನ್ನ ಕೂತು ಮಾತಾಡಬೇಕು. ಅದೇ ದಿನ ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ವಿವರ ಅಳಿಸಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಬೇಕು.

ರಾತ್ರಿ ವೈಫೈ ತಾನೇ ಆರುವಂತೆ ರೂಟರ್‌ಗೆ ಸಮಯ ಕಟ್ಟಿ ನಿಶ್ಚಿಂತರಾಗುವವರಿಗೆ ಮೊಬೈಲ್ ಡೇಟಾ ನೆನಪಾಗುವುದಿಲ್ಲ. ಫೋನ್ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ, ದೊಡ್ಡವರದೂ ಅಲ್ಲೇ. ದೊಡ್ಡವರದು ಒಳಗೇ ಇದ್ದರೆ ಈ ನಿಯಮ ಒಂದು ವಾರವೂ ಬಾಳುವುದಿಲ್ಲ.

ಶಿಕ್ಷಕರಿಗೂ ಒಂದು ಸ್ಪಷ್ಟನೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ 2022ರಿಂದ ಜಾರಿಯಲ್ಲಿರುವ ಗೇಮಿಂಗ್ ಕಾಯಿಲೆಯ ವ್ಯಾಖ್ಯೆಯಲ್ಲಿ ದಿನಕ್ಕೆ ಇಷ್ಟು ಗಂಟೆ ಎಂಬ ಮಿತಿಯೇ ಇಲ್ಲ. ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಸುವುದು, ಇದರಿಂದ ಓದು, ಮನೆ, ಸ್ನೇಹ ಕೆಡುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಂಡುಬರುವುದು: ಅದು ನೋಡುವುದು ಇಷ್ಟನ್ನೇ. ಮೂರು ಗಂಟೆ ಆಡಿಯೂ ನಿದ್ದೆ, ಓದು, ಗೆಳೆಯರನ್ನು ಉಳಿಸಿಕೊಂಡವರಿಗೆ ಆ ಹಣೆಪಟ್ಟಿ ಬೇಡ. ಮೊದಲ ಪೀರಿಯಡ್‌ನಲ್ಲೇ ದಿನವೂ ತೂಕಡಿಸುವ, ಮನೆಯ ಹಣ ಮುಟ್ಟಿದ ಮಗುವನ್ನು ಆಪ್ತಸಮಾಲೋಚಕರ ಬಳಿ ಕಳಿಸಲಿ.

ಆ ಒಂದು ಗಂಟೆಗೆ ದೊಡ್ಡ ತಜ್ಞರು ಬೇಕಿಲ್ಲ. ಮೊದಲ ಇಪ್ಪತ್ತು ನಿಮಿಷ ಪರದೆಯ ಮೇಲೆ ಒಂದು ಪಂದ್ಯ ಆಡಿ ತೋರಿಸಲು ಒಬ್ಬ ವಿದ್ಯಾರ್ಥಿ ಸಾಕು.

ಇಂತಿ,
ಹದಿಹರೆಯದವರ ಆಪ್ತಸಮಾಲೋಚಕರು