ಭಾನುವಾರ ದ್ವೀಪಕ್ಕೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವುದು, ಪೆನ್ಸಿಲ್, ಹಾಳೆ ಮರೆಯಬೇಡಿ. ಸುಮ್ನೆ ಸೆಲ್ಫಿ ತೆಗೆದು ಬರುವುದು ಬೇಡ ಮಾರಾಯ್ರೆ, ಆ ಕಲ್ಲಿನ ಕಂಬಗಳ ಹತ್ತಿರ ಸ್ವಲ್ಪ ಹೊತ್ತು ಕೂತು ನೋಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಆದ ಕಂಬಗಳವು, ಯಾರೂ ಅಳತೆ ಹಿಡಿದು ಕೊರೆದದ್ದಲ್ಲ, ಆದರೂ ಒಂದಕ್ಕೊಂದು ಎಷ್ಟು ಚಂದ ಕೂಡಿಕೊಂಡಿವೆ! ಎಲ್ಲವಕ್ಕೂ 6 ಮೂಲೆ ಅಂತ ಬರೆಯಬೇಡಿ, 5, 7 ಮೂಲೆಯವೂ ಇವೆ, ಎಣಿಸಿ ಬಿಡಿಸಿ. ವಿನ್ಯಾಸದಲ್ಲಿ ನನಗೆ ಜಾಸ್ತಿ ಇಷ್ಟ ಈ ಸಣ್ಣ ವ್ಯತ್ಯಾಸವೇ. ಒಂದು ಬಿರುಕು ಎರಡೂ ಕಡೆಯ ಕಂಬಕ್ಕೆ ಅಂಚು, ಮನುಷ್ಯರ ನಡುವೆಯೂ ಹಾಗೇ ಅಲ್ವಾ? ಅದಕ್ಕೇ ಈ ಸಲ ಇಬ್ಬರಿಬ್ಬರು ಸೇರಿ ಒಂದೇ ಹಾಳೆಯಲ್ಲಿ ಬಿಡಿಸೋಣ. ಕಲ್ಲಿನ ಚೂರು ಯಾರೂ ತರಬೇಡಿ. ಬೋಟ್ ಇಲ್ಲದಿದ್ದರೆ ಇಲ್ಲೇ ತಿಳಿಸುತ್ತೇನೆ.