ಮೂರನೇ ವಾದಿಯ ಪಾಲು: ಮಗಳಿಗೊಂದು ಪತ್ರ

ಚಿತ್ರದುರ್ಗ

ಪುಟ್ಟಿ,

ಲಾ ಕಾಲೇಜಿನ ಮೂಟ್ ಕೋರ್ಟಿಗೆ, ಅದೇ ಆ ಅಣಕು ಕೋರ್ಟಿಗೆ, ಕೊಟ್ಟ ವಿಷಯ ಹೇಳಿ ಫೋನಿನಲ್ಲಿ ಸಿಡುಕುತ್ತಿದ್ದೆ. “ಮುಂದಿನ ಪೀಳಿಗೆಗೆ ಹಕ್ಕಿದೆ ಅಂತ ವಾದ ಮಾಡಬೇಕಂತೆ ಅಮ್ಮ. ಹುಟ್ಟೇ ಇಲ್ಲದವರಿಗೆ ಎಂಥ ಹಕ್ಕು? ಅವರ ವಕಾಲತ್ತಿಗೆ ಸಹಿ ಹಾಕೋರು ಯಾರು?” ಅಂದೆ. ನಾನು ಕಾನೂನು ಓದಿದವಳಲ್ಲ. ಆದರೆ ವಕೀಲರ ಆಫೀಸಿನಲ್ಲಿ ವಾದಪತ್ರ ಟೈಪ್ ಮಾಡಿಯೇ ನಿನ್ನ ಫೀಸು ಕಟ್ಟುತ್ತಿರೋದು, ಅಲ್ವಾ? ನನ್ನ ಟೇಬಲ್ಲಿಗೆ ದಿನಾ ಬರುವ ಕಾಗದದಲ್ಲೇ ನಿನಗೆ ಬೇಕಾದ ವಾದ ಇದೆ.

ನಮ್ಮಲ್ಲಿಗೆ ಬರುವುದರಲ್ಲಿ ಪಾಲಿನ ದಾವೆಗಳೇ ಜಾಸ್ತಿ. ಅಜ್ಜನೋ ಅಪ್ಪನೋ ಪಿತ್ರಾರ್ಜಿತ ಜಮೀನು ಮಾರಿರುತ್ತಾರೆ. ಕ್ರಯಪತ್ರ ರಿಜಿಸ್ಟರ್ ಆದ ಮೇಲೆ ಮನೆಯವರಿಗೆ ಗೊತ್ತಾಗುತ್ತದೆ. ಆಗ ಸೊಸೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಾಳೆ. ನಾನು ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ: “3ನೇ ವಾದಿ, ವಯಸ್ಸು ಒಂದೂವರೆ ವರ್ಷ, ಮೈನರ್, ಗಾರ್ಡಿಯನ್ ತಾಯಿ 1ನೇ ವಾದಿ.” ಕೆಳಗೆ ಷೆಡ್ಯೂಲು, ಅಂದರೆ ದಾವೆಯ ಆಸ್ತಿಯ ವಿವರ. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ. ಅಷ್ಟರಲ್ಲಿ ಮೂರನೇ ವಾದಿ ನನ್ನ ಸ್ಟಾಂಪ್ ಪ್ಯಾಡಿಗೆ ಐದೂ ಬೆರಳು ಅದ್ದಿರುತ್ತೆ. ಅದಕ್ಕೆ ಮಾತೇ ಬರಲ್ಲ. ಆದರೂ ಅದರ ಹೆಸರಿನಲ್ಲಿ ದಾವೆ ನಂಬರ್ ಆಗುತ್ತದೆ, ಸ್ಟೇ ಸಿಗುತ್ತದೆ, ಕೊಂಡವನು ಬಂದು ಉತ್ತರ ಕೊಡಲೇಬೇಕು.

ಇನ್ನೂ ಹೊಟ್ಟೆಯಲ್ಲೇ ಇರುವ ಕೂಸು? ಅಪ್ಪ ವಿಲ್ ಬರೆಯದೆ ಸತ್ತಾಗ ಗರ್ಭದಲ್ಲಿದ್ದು ಆಮೇಲೆ ಜೀವಂತ ಹುಟ್ಟಿದ ಮಗುವಿಗೂ ಉಳಿದ ಮಕ್ಕಳಷ್ಟೇ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಂ ತೆಗೆದು ನೋಡು. ಮೈನರ್ ಹೆಸರಿನ ಜಮೀನನ್ನು ಹೆತ್ತ ಅಪ್ಪನೇ ಆದರೂ ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಅದು 1956ರ ಇನ್ನೊಂದು ಕಾಯ್ದೆಯ 8ನೇ ಕಲಂ. ಬಾಯಿಲ್ಲದವರ ಪಾಲು ಕಾಯುವುದು ನಮ್ಮ ಕೋರ್ಟುಗಳಿಗೆ ಹೊಸದೇನಲ್ಲ ಅನ್ನೋದಕ್ಕೆ ಇಷ್ಟು ಸಾಕು. ಗುಡ್ಡ, ದನ ಮೇಯುವ ಕಾವಲು, ನೀರನ್ನೂ ಷೆಡ್ಯೂಲಿಗೆ ಸೇರಿಸಬಹುದಾ ಅನ್ನೋದಷ್ಟೇ ಉಳಿಯುವ ಪ್ರಶ್ನೆ.

ಸೇರಿಸಬಹುದು ಅಂತ ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟು 1993ರಲ್ಲೇ ಹೇಳಿತು. ಅಲ್ಲಿ ವಾದಿಗಳು ಮಕ್ಕಳು, ಗಾರ್ಡಿಯನ್ ಅವರ ಅಪ್ಪ ಅಮ್ಮಂದಿರು, ತಕರಾರು ಕಾಡು ಕಡಿಯಲು ಕೊಟ್ಟ ಲೈಸೆನ್ಸಿನ ಮೇಲೆ. ಈ ಮಕ್ಕಳು ತಮಗಾಗಿಯೂ ಮುಂದೆ ಹುಟ್ಟುವವರಿಗಾಗಿಯೂ ದಾವೆ ಹೂಡಬಹುದು ಅಂತ ಕೋರ್ಟು ಒಪ್ಪಿತು. ಒಪೋಸಾ ಕೇಸು ಅಂತ ಹುಡುಕು. ನಮ್ಮಲ್ಲೂ 2015ರಲ್ಲಿ ದೆಹಲಿಯ ಮೂರು ಹಸುಗೂಸುಗಳು ಅಪ್ಪಂದಿರ ಮೂಲಕ ಪಟಾಕಿ ಹೊಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವು, ಅರ್ಜುನ್ ಗೋಪಾಲ್ ಕೇಸು. ಎದುರು ಪಕ್ಷದವರು ಎತ್ತುವ ಕೇಸೂ ನಿನಗೆ ಗೊತ್ತಿರಲಿ. ಹವಾಮಾನದ ವಿಷಯಕ್ಕೆ 2017ರಲ್ಲಿ, ಪರಿಸರದ ತಕರಾರು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ ಒಂಬತ್ತು ವರ್ಷದ ರಿಧಿಮಾ ಪಾಂಡೆಯ ಅರ್ಜಿ 2019ರಲ್ಲಿ ವಜಾ ಆಯಿತು.

ಸರ್ಕಾರದ್ದೇ ಗುಡ್ಡ, ಸರ್ಕಾರವೇ ಲೀಸಿಗೆ ಕೊಟ್ಟಿದೆ, ಕೇಳೋಕೆ ನೀವ್ಯಾರು ಅಂತಲೂ ಅವರು ಅನ್ನಬಹುದು. ನಮ್ಮ ಸುಪ್ರೀಂ ಕೋರ್ಟಿನ 1996ರ ಕಮಲ್ ನಾಥ್ ಕೇಸಿನ ತೀರ್ಪು ಮುಂದಿಡು. ಇಂಥ ಸಂಪತ್ತಿಗೆ ಸರ್ಕಾರ ಬರೀ ಟ್ರಸ್ಟಿ, ಮಾಲೀಕ ಅಲ್ಲ ಅಂತ ಅಲ್ಲಿ ಸ್ಪಷ್ಟವಾಗಿದೆ.

ಇನ್ನು ನಮ್ಮೂರಿನ ಮಾತು. ಭೀಮಸಮುದ್ರದ ದೊಡ್ಡಮ್ಮನ ಮನೆ ಅಂಗಳ ನಿನಗೆ ನೆನಪಿದೆಯೋ ಇಲ್ಲವೋ, ನೀನಾಗ ಚಿಕ್ಕವಳು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಬೇಯಿಸಿ ಒಣಗಲು ಹರವಿದ ಅಡಿಕೆ ಮೇಲೆ ಸಂಜೆ ಹೊತ್ತಿಗೆ ಧೂಳು ಕೂತಿರುತ್ತಿತ್ತು. ಬಣ್ಣ ಅಡಿಕೆಯದ್ದೋ ಅದಿರಿನದ್ದೋ ಗೊತ್ತಾಗದೆ ದೊಡ್ಡಮ್ಮ ಒಂದೊಂದನ್ನೇ ಸೆರಗಿನಲ್ಲಿ ಒರೆಸಿ ನೋಡುತ್ತಿದ್ದರು. ತೋಟದಲ್ಲಿ ಗರಿಗಳೂ ಕೆಂಪು. ಮಳೆ ಬಂದರೆ ಮಾತ್ರ ಹಸಿರು ಕಾಣುತ್ತಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಅಕ್ರಮ ಗಣಿಗಾರಿಕೆ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಕೋರ್ಟು ಮೊದಲು ಬಳ್ಳಾರಿ, ಆಮೇಲೆ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಳನ್ನು ನಿಲ್ಲಿಸಿತು. 2013ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ ಲೀಸುಗಳು ರದ್ದಾದವು. ಉಳಿದವರು ಗುಡ್ಡ ಸರಿಪಡಿಸುವ ಯೋಜನೆ ಒಪ್ಪಿಕೊಂಡರೆ ಮಾತ್ರ ಗಣಿ ತೆರೆಯಬಹುದು. ನಿನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಮಿತಿ. ಬಳ್ಳಾರಿಯಲ್ಲಿ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರು ಎರಡೂ ಸೇರಿ 50 ಲಕ್ಷ ಟನ್. ಆಗ ಅದಕ್ಕಿಂತ ಹೆಚ್ಚು ಅದಿರು ತೆಗೆಯುವಂತಿರಲಿಲ್ಲ.

ಪಾಲಿನ ದಾವೆಯಲ್ಲೂ ಹೀಗೇ. ಅಜ್ಜ ಮಾರಿದ್ದೆಲ್ಲ ಬಿದ್ದುಹೋಗಲ್ಲ. ಮಗಳ ಮದುವೆ, ಕಾಯಿಲೆ, ನಿಜವಾದ ಸಾಲ ಅಂತ ಕುಟುಂಬದ ಅಗತ್ಯಕ್ಕೆ ಮಾರಿದ್ದರೆ ಆ ಮಾರಾಟವನ್ನು ಕೋರ್ಟು ಎತ್ತಿಹಿಡಿಯುತ್ತದೆ. ಮೋಜಿಗೆ ಮಾರಿದ್ದರೆ ಮಕ್ಕಳ ಪಾಲಿಗೆ ಅದು ಅನ್ವಯಿಸಲ್ಲ. ಕಬ್ಬಿಣ ಬೇಡ ಅಂತ ಯಾರೂ ಹೇಳುತ್ತಿಲ್ಲ, ನಮ್ಮ ಮನೆಯ ತಾರಸಿಯಲ್ಲೂ ಕಬ್ಬಿಣ ಇದೆ. ಎಷ್ಟು ಅಗತ್ಯ, ಯಾರ ಅಗತ್ಯ ಅಂತ ತೋರಿಸುವ ಹೊಣೆ ಮಾರುವವನ ಮೇಲಿರಲಿ. 2022ರಲ್ಲಿ ನಮ್ಮ ಎರಡು ಜಿಲ್ಲೆಗಳ ಮಿತಿ 1.5 ಕೋಟಿ ಟನ್ನಿಗೆ ಏರಿತು. ಒಂಬತ್ತು ವರ್ಷದಲ್ಲಿ ಅಗತ್ಯ ಮೂರು ಪಟ್ಟು ಆಯ್ತಾ? ನನಗಂತೂ ಒಪ್ಪಿಗೆಯಿಲ್ಲ. ಗೋವಾದ ವಿಷಯದಲ್ಲಿ ಇದೇ ಕೋರ್ಟು 2014ರಲ್ಲಿ ಅದಿರು ಮಾರಿದ ಹಣದಲ್ಲಿ ಶೇಕಡಾ 10ನ್ನು ಮುಂದಿನ ಪೀಳಿಗೆಗಾಗಿ ಶಾಶ್ವತ ನಿಧಿಯಲ್ಲಿ ಇಡಬೇಕು ಅಂತ ಹೇಳಿತು. ಮೈನರ್ ಪಾಲಿನ ದುಡ್ಡನ್ನು ಬ್ಯಾಂಕಿನಲ್ಲಿ ಡಿಪಾಸಿಟ್ ಇಡಿಸುತ್ತಾರಲ್ಲ, ಅದೇ ಲೆಕ್ಕ.

ಇಷ್ಟು ನಿನ್ನ ಮೇಷ್ಟ್ರೂ ಹೇಳಿಯಾರು. ಕಾಲಮಿತಿಯ ವಿಷಯ ನಾನು ಹೇಳುತ್ತೇನೆ ಕೇಳು, ಟೈಪಿಸ್ಟುಗಳಿಗೆ ತಾರೀಖಿನ ಮೇಲೆ ಕಣ್ಣು ಜಾಸ್ತಿ. ಮೈನರ್ ಜಮೀನನ್ನು ಗಾರ್ಡಿಯನ್ ಮಾರಿದರೆ, ಆ ಮಗುವಿಗೆ 18 ತುಂಬಿ ಮೂರು ವರ್ಷದವರೆಗೂ ದಾವೆ ಹಾಕಲು ಅವಕಾಶ ಇದೆ. ಮಗು ದೊಡ್ಡದಾಗುವ ತನಕ ಕಾನೂನು ಕಾಯುತ್ತದೆ. ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯ 14ನೇ ಕಲಂ ನೋಡು. ತಕರಾರಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನು 60 ದಿನ, ಅಷ್ಟೇ. ಹತ್ತು ಗುಂಟೆ ಹೊಲಕ್ಕೆ ಇಪ್ಪತ್ತೊಂದು ವರ್ಷ ತುಂಬುವ ತನಕ ಟೈಮು, ಇಡೀ ಗುಡ್ಡಕ್ಕೆ ಎಂಟು ತಿಂಗಳು. ಮುಂದೆ ಹುಟ್ಟುವವರು ಹುಟ್ಟುವ ಮೊದಲೇ ಅವರ ವಾಯಿದೆ ಮುಗಿದಿರುತ್ತೆ. ನೇರವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿ ಇದೆ ನಿಜ, ಆದರೆ ಅಲ್ಲೂ ತಡವಾಗಿ ಬಂದವರನ್ನು ಮೊದಲು ಕೇಳೋದು ಇಷ್ಟು ದಿನ ಎಲ್ಲಿದ್ರಿ ಅಂತಲೇ.

ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲು ನೋಡು. ಉಳ್ಳಾರ್ತಿ, ಖುದಾಪುರದ ಸುತ್ತ ಕುರಿ ದನ ಮೇಯುತ್ತಿದ್ದ ಹುಲ್ಲುಗಾವಲು, ಕಂಬಳಿ ನೇಯುವವರ ಊರುಗಳು. ಅದರಲ್ಲಿ ಹತ್ತು ಸಾವಿರ ಎಕರೆಯಷ್ಟು ರಕ್ಷಣೆ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೂ ಬೇರೆಯವರಿಗೂ ಹೋಯಿತು. ಕುರಿಯವನು ದಿನಾ ಪಹಣಿ ತೆಗೆಸಿ ನೋಡುತ್ತಾನಾ? ಅವನಿಗೆ ಗೊತ್ತಾಗುವುದು ಎದುರಿಗೆ ಗೋಡೆ ಎದ್ದಾಗ. ಕೇಸು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರಲ್ಲಿ ತೀರ್ಪೂ ಬಂತು. ಯೋಜನೆಗಳು ನಿಲ್ಲಲಿಲ್ಲ.

ಹಾಗಾಗಿ ಜಡ್ಜ್ ಜಾಗದಲ್ಲಿ ಕೂತವರ ಮುಂದೆ ‘ಮುಂದಿನ ಪೀಳಿಗೆ’ ಅಂತ ಸುಮ್ನೆ ಭಾಷಣ ಮಾಡಬೇಡ, ಅದು ಎಲ್ಲರೂ ಮಾಡುತ್ತಾರೆ. ಚಕ್ಕುಬಂದಿ ಸಮೇತ ಷೆಡ್ಯೂಲು ಹಾಕು, ಸಂವಿಧಾನದ ಬದುಕುವ ಹಕ್ಕಿನ 21ನೇ ವಿಧಿ, ಪರಿಸರ ಕಾಯುವ ಹೊಣೆಯ 48ಎ ವಿಧಿ ಹಿಡಿ. ಮೈನರಿಗೆ ಸಿಗುವ ಕಾಲಮಿತಿ ವಿನಾಯಿತಿ ಮುಂದೆ ಹುಟ್ಟುವವರಿಗೂ ಯಾಕೆ ಸಿಗಬಾರದು ಅಂತ ನೇರವಾಗಿ ಕೇಳು. ಎದುರಿನವರು ಏನು ಉತ್ತರ ಕೊಟ್ಟರು ಅಂತ ನನಗೆ ಬರೆ. ಮೂಟ್ ಮುಗಿದ ಮೇಲೆ ಆ ವಾದಪತ್ರದ ಒಂದು ಕಾಪಿ ನನಗೂ ಕಳಿಸು, ಕಾಗುಣಿತ ನೋಡಿಕೊಡುತ್ತೇನೆ.

ನಿನ್ನ
ಅಮ್ಮ