ಈಸಿಎಂ ಹೋಗಿದೆ ಅಂದರೆ ಮೊದಲು ಅಳೆದು ತೋರಿಸಲು ಹೇಳಿ

ಸಂಪಾದಕರಿಗೆ ನಮಸ್ಕಾರ.

ನಾನು ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಎರಡು ಲಾರಿ ಇಟ್ಟುಕೊಂಡಿರುವವನು. ಊರು ಇಂಡಿ ತಾಲ್ಲೂಕು. ಚಾಕಣದಿಂದ ಮಾಲು ಹೇರಿಕೊಂಡು ಸೊಲ್ಲಾಪುರ, ವಿಜಯಪುರದ ಕಡೆ ಹೋಗುವುದು, ಬರುವಾಗ ನಿಂಬೆಹಣ್ಣು ತುಂಬಿಕೊಂಡು ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ಗೆ ಬರುವುದು, ಇದೇ ನಮ್ಮ ಕೆಲಸ. ಪುಣೆ ಸುತ್ತಮುತ್ತ ನಮ್ಮ ಕಡೆಯ ಡ್ರೈವರ್‌ಗಳು, ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು ಬಹಳ ಜನ ಇದ್ದಾರೆ. ನಿಮ್ಮ ಪೇಪರು ನಮ್ಮ ಚಹಾದಂಗಡಿಯಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಅವರು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಹೇಳಬೇಕಾದ್ದು ಇಷ್ಟೇ. ಗಾಡಿಯ ಈಸಿಎಂ, ಅಂದರೆ ಇಂಜಿನ್ ನಡೆಸುವ ಆ ಕಂಪ್ಯೂಟರ್ ಡಬ್ಬಿ, ಹೋಗಿದೆ ಅಂತ ಯಾರಾದರೂ ಹೇಳಿದರೆ ಏನೇನು ಅಳೆದು ನೋಡಿದಿರಿ ಅಂತ ಕೇಳಿ. ಅಳೆದದ್ದನ್ನು ಕಾಗದದಲ್ಲಿ ಬರೆದು ಕೊಡುವವರೆಗೆ ಹೊಸದು ಹಾಕಿಸಬೇಡಿ.

ನಾನು ಕೇಳಲಿಲ್ಲ. ಕಳೆದ ಬೇಸಿಗೆಯಲ್ಲಿ ನಿಂಬೆಹಣ್ಣಿನ ಲೋಡ್ ಬರುತ್ತಿತ್ತು. ಭಿಗವಣ ದಾಟುವ ಮೊದಲೇ ಗಾಡಿ ನಡುರಸ್ತೆಯಲ್ಲಿ ಬಂದ್ ಆಯಿತು. ಮೀಟರಿನ ಮುಳ್ಳುಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದವಂತೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್. ಮತ್ತೆ ಇಪ್ಪತ್ತು ಕಿಲೋಮೀಟರ್‌ಗೆ ಬಂದ್. ಹೀಗೆ ನಿಂತು ನಿಂತು ಬಂದು ಯಾರ್ಡ್ ಸೇರುವ ಹೊತ್ತಿಗೆ ಬೆಳಗಿನ ಸವಾಲು ಮುಗಿದಿತ್ತು. ಚೀಲ ಬಿಚ್ಚಿದರೆ ಕೆಳಗಿನ ಹಣ್ಣು ಬಿಸಿಗೆ ಮೆತ್ತಗಾಗಿದ್ದವು. ರೈತರು ನಮ್ಮೂರಿನವರೇ, ಅವರಿಗೆ ಏನು ಮುಖ ತೋರಿಸಲಿ?

ಸರ್ವಿಸ್ ಸೆಂಟರಿಗೆ ಒಯ್ದೆ. ಗಾಡಿಯ ದೋಷ ಓದುವ ಸ್ಕ್ಯಾನರ್ ಹಚ್ಚಿದರು, ಅದು ಈಸಿಎಂ ಜೊತೆ ಮಾತಾಡಲಿಲ್ಲ. ಅಷ್ಟಕ್ಕೇ ಈಸಿಎಂ ಡೆಡ್ ಅಂದುಬಿಟ್ಟರು. ಹೊಸದಕ್ಕೆ ಪ್ರೋಗ್ರಾಮಿಂಗ್ ಸೇರಿ ಒಂದು ಲಕ್ಷದ ಮೇಲೆ ಹೋಯಿತು. ಇಎಂಐ ಕಟ್ಟಲು ಇಟ್ಟಿದ್ದ ದುಡ್ಡು ಕೊಟ್ಟೆ. ಒಂಬತ್ತನೇ ದಿನ ಇಂದಾಪುರದ ಹತ್ತಿರ ಗಾಡಿ ಮತ್ತೆ ಹಾಗೇ ನಿಂತಿತು.

ಈ ಸಲ ನಮ್ಮಲ್ಲೇ ಕೂರುವ ಒಬ್ಬ ಆಟೊ ಎಲೆಕ್ಟ್ರಿಷಿಯನ್‌ನನ್ನು ಕರೆದೆ. ಜಮಖಂಡಿ ಕಡೆಯ ಹುಡುಗ. "ಅಣ್ಣಾರ, ಮೊದಲ ಡಬ್ಬಿಗೆ ಕರೆಂಟ ಸರಿ ಬರತೈತೋ ಇಲ್ಲೋ ನೋಡೂಣು, ಆಮ್ಯಾಲ ಡಬ್ಬಿ ಸುದ್ದಿ ಮಾತಾಡೂಣು" ಅಂದ. ಅವನ ಹತ್ತಿರ ಇದ್ದದ್ದು ಒಂದು ಸಾಧಾರಣ ಮಲ್ಟಿಮೀಟರ್, ಎರಡು ವೈರ್ ಬೆಸುಗೆ ಹಾಕಿದ 24 ವೋಲ್ಟ್ 21 ವ್ಯಾಟ್‌ನ ಒಂದು ಬಲ್ಬು, ಅಷ್ಟೇ.

ಮೊದಲು ಎರಡೂ ಬ್ಯಾಟರಿ ನೋಡಿದ. ಸೆಲ್ಫ್ ಹೊಡೆಯುವಾಗ 24 ವೋಲ್ಟಿನ ಗಾಡಿಯಲ್ಲಿ ವೋಲ್ಟೇಜ್ 19ಕ್ಕಿಂತ ತೀರಾ ಕೆಳಗೆ ಇಳಿದರೆ ಮೊದಲು ಅನುಮಾನ ಪಡಬೇಕಾದ್ದು ಬ್ಯಾಟರಿ, ಟರ್ಮಿನಲ್‌ಗಳ ಮೇಲೆಯೇ. ನಮ್ಮದು ಅಷ್ಟು ಇಳಿಯಲಿಲ್ಲ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಈಸಿಎಂನ ಅರ್ಥ್ ವೈರಿಗೆ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ವೈರು) ಹಿಡಿದು ಸೆಲ್ಫ್ ಹೊಡಿ ಅಂದ. ಅರ್ಧ ವೋಲ್ಟ್ ಒಳಗೆ ಇರಬೇಕಾದ್ದು ಎರಡೂವರೆ ತೋರಿಸಿತು! ಅಂದರೆ ಅರ್ಥ್ ದಾರಿಯಲ್ಲಿ ಎಲ್ಲೋ ತಡೆ ಇದೆ. ವೈರ್ ಹಿಡಿದುಕೊಂಡು ಕೆಳಗೆ ಹೋದರೆ ಚಾಸಿಗೆ ಬಿಗಿದ ಬೋಲ್ಟ್ ಸಿಕ್ಕಿತು. ಬಿಚ್ಚಿ ನೋಡಿದೆವು. ಹಿಂದಿನ ವರ್ಷ ಬಾಡಿ ಕೆಲಸ ಮಾಡಿಸಿದಾಗ ಆ ಜಾಗಕ್ಕೂ ಪೇಂಟ್ ಹೊಡೆದು, ಆ ಪೇಂಟ್ ಮೇಲೆಯೇ ಅರ್ಥ್ ಬೋಲ್ಟ್ ಕೂರಿಸಿದ್ದರು. ಲಗ್ಗಿನ, ಅಂದರೆ ವೈರ್ ತುದಿಯ ಲೋಹದ ಬಳೆಯ, ಕೆಳಗೆ ತುಕ್ಕು ಕಂದು ಪುಡಿಯಾಗಿ ಉದುರಿತು. ಇಂಜಿನ್ ಕಾದು ಅಲುಗಾಟ ಜಾಸ್ತಿ ಆದಾಗ ಅಲ್ಲಿ ಹಿಡಿತ ತಪ್ಪುತ್ತಿತ್ತು, ತಣ್ಣಗಾದಾಗ ಮತ್ತೆ ತಾಗುತ್ತಿತ್ತು. ಮರಳು ಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ತಿಕ್ಕಿ, ಹೊಸ ಲಗ್ ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಿದ. ಅವತ್ತಿನಿಂದ ಗಾಡಿ ಹಾಗೆ ನಿಂತಿಲ್ಲ. ಬಿಚ್ಚಿಟ್ಟಿದ್ದ ಹಳೇ ಈಸಿಎಂ ಮತ್ತೆ ಹಾಕಿ ನೋಡಿದೆವು, ಅದರಲ್ಲೂ ಓಡಿತು. ಲಕ್ಷ ರೂಪಾಯಿ ಸುಮ್ನೆ ಹೋಯಿತು ಅಲ್ವಾ?

ಆ ಬಲ್ಬಿನ ವಿಷಯ ಎಲ್ಲ ಹುಡುಗರೂ ತಿಳಿದುಕೊಳ್ಳಬೇಕು. ವೈರ್ ಒಳಗೆ ಕೊಳೆತು ತಾಗಿಯೂ ತಾಗದ ಹಾಗೆ ಇದ್ದರೂ ಮೀಟರ್ 24 ವೋಲ್ಟ್ ತೋರಿಸಿಬಿಡುತ್ತದೆ. ಆದರೆ ಬಲ್ಬು ಕರೆಂಟ್ ಎಳೆಯುತ್ತದೆ. ಕೊಳೆತ ವೈರಿಗೆ ಹಚ್ಚಿದರೆ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ. ಈಸಿಎಂನ ಸಾಕೆಟ್ ಬಿಚ್ಚಿದ ಮೇಲೆ, ಡಯಾಗ್ರಾಂ ನೋಡಿಕೊಂಡು, ಕರೆಂಟ್ ಬರುವ ಪಿನ್ ಮತ್ತು ಅರ್ಥ್ ಪಿನ್‌ಗಳಿಗೆ ಮಾತ್ರ ಅದನ್ನು ಹಚ್ಚಬೇಕು. ಸೆನ್ಸರ್ ವೈರಿಗೆ ಹಚ್ಚಬಾರದು. ಪಿನ್ ಒಳಗೆ ದಪ್ಪ ತಂತಿ, ಮೊಳೆ ತುರುಕಿದರೆ ಪಿನ್ ಅಗಲವಾಗಿ ಹೊಸ ಲೂಸ್ ಕಾಂಟ್ಯಾಕ್ಟ್ ನಾವೇ ಮಾಡಿಟ್ಟ ಹಾಗೆ ಆಗುತ್ತದೆ.

ಸ್ಕ್ಯಾನರ್ ಮಾತಾಡಲಿಲ್ಲ ಅಂದರೆ ಈಸಿಎಂ ಸತ್ತಿದೆ ಅಂತಲೇ ಅರ್ಥ ಅಲ್ಲ. ಕ್ಯಾನ್ ಲೈನ್ ಅಂತ ಎರಡು ಹೆಣೆದ ವೈರ್ ಇರುತ್ತವೆ, ಗಾಡಿಯ ಕಂಪ್ಯೂಟರ್‌ಗಳೆಲ್ಲ ಅದರ ಮೇಲೆಯೇ ಮಾತಾಡುವುದು. ಅದರ ಎರಡು ತುದಿಗೆ 120 ಓಮ್‌ನ ಒಂದೊಂದು ರೆಸಿಸ್ಟರ್. ಹಾಗಾಗಿ ಬ್ಯಾಟರಿ ಬಿಚ್ಚಿ ಎರಡು ವೈರ್‌ಗಳ ನಡುವೆ ಅಳೆದರೆ 60 ಓಮ್ ಹತ್ತಿರ ಬರಬೇಕು. 120 ಬಂದರೆ ಒಂದು ಕಡೆ ಕಡಿದಿದೆ. ಸೊನ್ನೆ ಹತ್ತಿರ ಬಂದರೆ ಎರಡೂ ಒಂದಕ್ಕೊಂದು ತಾಗಿವೆ. ಹಾಗೆಯೇ ಸೆನ್ಸರ್‌ಗಳಿಗೆ ಈಸಿಎಂ 5 ವೋಲ್ಟ್ ಕೊಡುತ್ತದೆ. ಒಂದು ಸೆನ್ಸರ್ ಶಾರ್ಟ್ ಆದರೆ ಅದೇ ಲೈನಿನ ಎಲ್ಲ ಸೆನ್ಸರ್‌ಗಳ 5 ವೋಲ್ಟೂ ಬಿದ್ದು ಹೋಗುತ್ತದೆ, ನೋಡಿದವರಿಗೆ ಡಬ್ಬಿಯೇ ಕೆಟ್ಟ ಹಾಗೆ ಕಾಣುತ್ತದೆ. ಒಂದೊಂದೇ ಸೆನ್ಸರಿನ ಸಾಕೆಟ್ ಬಿಚ್ಚುತ್ತಾ ಹೋದರೆ ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ. ಇದೆಲ್ಲ ಒಂದು ತಾಸಿನ ಕೆಲಸ.

ಈಸಿಎಂ ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನನ್ನ ಭಾವನ ಗಾಡಿಯದು ನಿಜವಾಗಿಯೂ ಹೋಗಿತ್ತು. ವಾಷಿಂಗ್‌ನಲ್ಲಿ ಪ್ರೆಶರ್ ಗನ್ ನೇರ ಡಬ್ಬಿಯ ಸಾಕೆಟ್ಟಿಗೆ ಹಿಡಿದಿದ್ದರು. ಬಿಚ್ಚಿದರೆ ಪಿನ್‌ಗಳ ಮೇಲೆ ಹಸಿರು ಕಿಲುಬು, ಒಳಗೂ ನೀರಿನ ಕಲೆ. ಕರೆಂಟ್ ಸರಿ, ಅರ್ಥ್ ಸರಿ, ಸಿಲಿಂಡರ್‌ಗೆ ಡೀಸೆಲ್ ಚಿಮ್ಮುವ ಇಂಜೆಕ್ಟರ್ ಸರಿ, ಅಲ್ಲಿಗೆ ಹೋಗುವ ವೈರಿಂಗೂ ಸರಿ, ಆದರೂ ಎರಡು ಸಿಲಿಂಡರ್‌ಗೆ ಡಬ್ಬಿಯಿಂದ ಸಿಗ್ನಲ್ಲೇ ಬರುತ್ತಿರಲಿಲ್ಲ. ಹೀಗೆ ಎಲ್ಲ ಅಳೆದು, ಬೇರೆ ಏನೂ ಉಳಿದಿಲ್ಲ ಅಂದಾಗ ಮಾತ್ರ ಈಸಿಎಂ ಅನ್ನಬೇಕು.

ಭಾವ ಅವಸರ ಮಾಡಿ ಗುಜರಿಯಿಂದ ಅಂಥದ್ದೇ ಹಳೇ ಡಬ್ಬಿ ತಂದ. ಪಾರ್ಟ್ ನಂಬರ್ ಅದೇ ಇದ್ದರೂ ಗಾಡಿ ಸ್ಟಾರ್ಟ್ ಆಗಲಿಲ್ಲ, ಯಾಕೆಂದರೆ ಅದರೊಳಗೆ ಬೇರೆ ಗಾಡಿಯ ಚಾಸಿ ನಂಬರು, ಬೇರೆ ಕೀಲಿಯ ಲಾಕ್ ಇತ್ತು. ಕೊನೆಗೆ ಹೊಸದೇ ಹಾಕಿಸಿದ. ಅದಕ್ಕೂ ಗಾಡಿಯ ಚಾಸಿ ನಂಬರು, ಇಂಜಿನ್ನಿಗೆ ಹೊಂದುವ ಸಾಫ್ಟ್‌ವೇರ್, 80ರ ಸ್ಪೀಡ್ ಲಿಮಿಟ್, ಎಲ್ಲ ತುಂಬಬೇಕು. ಪ್ರತಿ ಇಂಜೆಕ್ಟರಿನ ತಲೆ ಮೇಲೆ ಕೆತ್ತಿದ ಕೋಡ್ ಇರುತ್ತದಲ್ಲ, ಅದನ್ನೂ ಯಾವ ಸಿಲಿಂಡರ್‌ಗೆ ಯಾವುದೋ ಅದಕ್ಕೇ ಸರಿಯಾಗಿ ಬರೆಯಬೇಕು. ತಪ್ಪಿದರೆ ಇಂಜಿನ್ ನಡುಗುತ್ತದೆ, ಹೊಗೆ ಬರುತ್ತದೆ, ಡೀಸೆಲ್ ಕುಡಿಯುತ್ತದೆ. ಹಳೇ ಡಬ್ಬಿ ಇನ್ನೂ ಸ್ವಲ್ಪ ಉಸಿರಾಡುತ್ತಿದ್ದರೆ ಬಿಚ್ಚುವ ಮೊದಲೇ ಅದರ ಡೇಟಾ ತೆಗೆದಿಟ್ಟುಕೊಳ್ಳುವುದು ಒಳ್ಳೇದು.

ಈಗ ಕಂಪನಿಗಳಿಗೂ ಸರ್ಕಾರಕ್ಕೂ ಒಂದು ಮಾತು. 2020ರ ಏಪ್ರಿಲ್ 1ರಿಂದ ಹೊಸ ಗಾಡಿ ಎಲ್ಲ ಬಿಎಸ್6 ಹೊಗೆ ನಿಯಮದವು. ಹೊಗೆ ಶುದ್ಧ ಮಾಡುವ ಆಡ್‌ಬ್ಲೂ ದ್ರವ, ಹೊಗೆ ಸೆನ್ಸರ್, ಎಲ್ಲದಕ್ಕೂ ಕಂಪ್ಯೂಟರ್ ಬೇಕೇ ಬೇಕು, ಗಾಳಿ ಶುದ್ಧ ಆಗಲಿ ಅಂತ ನಮಗೂ ಆಸೆ ಇದೆ. ಆದರೆ ವೈರಿಂಗ್ ಡಯಾಗ್ರಾಂ, ಸ್ಕ್ಯಾನರಿನ ಪರವಾನಗಿ ಹೊರಗಿನ ಗ್ಯಾರೇಜಿಗೆ ಸಿಗದಿದ್ದರೆ ಹೇಗೆ? ಬಿಡಿಭಾಗ, ಪರೀಕ್ಷೆಯ ಉಪಕರಣ ಹೊರಗಿನವರಿಗೆ ಸಿಗದ ಹಾಗೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತ್ತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು, ಅದರಲ್ಲಿ ವಾಹನಗಳೂ ಸೇರಿವೆ. ಇಷ್ಟೆಲ್ಲ ಆದರೂ ನಮ್ಮ ಜಮಖಂಡಿ ಹುಡುಗ ಇವತ್ತಿಗೂ ಯಾರೋ ಮೊಬೈಲಿನಲ್ಲಿ ಕಳಿಸಿದ ಮಸುಕು ಡಯಾಗ್ರಾಂ ನೋಡಿಯೇ ಕೆಲಸ ಮಾಡುತ್ತಾನೆ. ವಾಹನ ಸಂಶೋಧನೆಗೆ ಅಂತಲೇ 1966ರಿಂದ ಎಆರ್‌ಎಐ ಸಂಸ್ಥೆ ಇರುವ ಊರು ಇದು. ಇಲ್ಲೇ ರಸ್ತೆ ಬದಿಯ ಎಲೆಕ್ಟ್ರಿಷಿಯನ್‌ಗಳಿಗೆ ಸಂಜೆ ಹೊತ್ತು ತರಬೇತಿ ಕೊಡಲು ಯಾಕೆ ಆಗಬಾರದು? ಕನ್ನಡ, ಮರಾಠಿಯಲ್ಲಿ ಹೇಳಿಕೊಟ್ಟರೆ ಬಹಳ ಹುಡುಗರು ಬರುತ್ತಾರೆ.

ಮಾಲೀಕರು ಮಾಡಬೇಕಾದ್ದೂ ಇದೆ. ಚಾಸಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಟರ್ಮಿನಲ್ ಮತ್ತು ಈಸಿಎಂ ಸಾಕೆಟ್ ಎರಡೂ ಬಿಚ್ಚಿಸಿ, ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಕೆಲಸ ನಡೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಕೀ ಆಫ್ ಮಾಡಿದ ಕೂಡಲೇ ಬ್ಯಾಟರಿ ಕಟ್‌ಆಫ್ ತಿರುಗಿಸಬೇಡಿ, ಒಂದೆರಡು ನಿಮಿಷ ಬಿಡಿ, ಡಬ್ಬಿ ತನ್ನ ಲೆಕ್ಕ ಬರೆದುಕೊಳ್ಳುತ್ತದೆ, ಆಡ್‌ಬ್ಲೂ ಪೈಪು ಖಾಲಿ ಆಗುತ್ತದೆ. ಮಳೆ ಶುರುವಾಗುವ ಮೊದಲು ಒಂದು ಸಲ ಗಾಡಿ ಕೆಳಗೆ ಮಲಗಿ ಅರ್ಥ್ ಬೋಲ್ಟ್ ಬಿಚ್ಚಿ ನೋಡಿ. ತಿಕ್ಕಲು ಒಂದು ಹಾಳೆ ಸ್ಯಾಂಡ್‌ಪೇಪರ್ ಸಾಕು.

ಇಂತಿ,
ನಿಗಡಿಯ ಒಬ್ಬ ಲಾರಿ ಮಾಲೀಕ, ಪುಣೆ